ಒಂದು ಗೇಣು ರೆಕ್ಕೆ

ಹೊಳನಗದ್ದೆ, ಕುಮಟಾ
೧೪ ಜನವರಿ ೨೦೨೪

ಅಕ್ಕಾ,

ಈ ತಿಂಗಳ ಪತ್ರ ಇದು. ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟಾಗ ನೀನು ಹಾಕಿದ ಕರಾರು ನೆನಪಿದೆಯಲ್ಲ, ತಿಂಗಳಿಗೊಂದು ಪತ್ರ ಬರೆಯದಿದ್ದರೆ ನನ್ನ ಫೋನ್ ಎತ್ತುವುದಿಲ್ಲ ಅಂತ. ನರ್ಸ್ ಕೆಲಸಕ್ಕೆ ಪೋರ್ಟ್ ಬ್ಲೇರಿಗೆ ಹೋದ ಮೇಲಾದರೂ ಬಿಡುತ್ತೀ ಅಂದುಕೊಂಡಿದ್ದೆ. ಬಿಡಲಿಲ್ಲ. ಈಗ ನನಗೂ ರೂಢಿಯಾಗಿದೆ. 'ಇವ ಬಿಡದೆ ಇಟ್ಟುಕೊಂಡ ಕೆಲಸ ಇದೊಂದೇ' ಅಂತ ಅಮ್ಮ ಹೇಳುತ್ತಾಳೆ.

ಮೂರು ವರ್ಷದಿಂದ ಭಾವನೂ ನಾನೂ ಇಲ್ಲಿಯ ಶೆಡ್ಡಿನಲ್ಲಿ ಕಟ್ಟುತ್ತಿದ್ದ ವಿಮಾನ ಆಯಿತು. ಬಣ್ಣ ಒಂದು ಬಾಕಿ. ಭಾವ ಹೊನ್ನಾವರದ ದೋಣಿ ರಿಪೇರಿ ಕೆಲಸವನ್ನು ಮಧ್ಯಾಹ್ನಕ್ಕೇ ಮುಗಿಸಿ ಇಲ್ಲಿಗೆ ಬರುತ್ತಾರೆ. ಫೈಬರ್ ದೋಣಿಗೆ ರಾಳ ಹಚ್ಚುವ ಕೈಯಲ್ಲೇ ರೆಕ್ಕೆಗೂ ಹಚ್ಚಿದ್ದು. ಊರವರಿಗೆ ಇನ್ನೂ ನಂಬಿಕೆ ಇಲ್ಲ. ಹೋಗುವಾಗ ಬರುವಾಗ ಶೆಡ್ಡಿನೊಳಗೆ ಇಣುಕಿ, 'ಗಣೇಶಾ, ಇದಕ್ಕೆ ಬಲೆ ಯಾವ ಬದಿಗೆ ಕಟ್ಟುದು?' ಅಂತ ಕೇಳುತ್ತಾರೆ. ಭಾವ ನಗುತ್ತಾರೆ. ನಾನು ನಗುವುದಿಲ್ಲ.

ಈಗ ಉಳಿದದ್ದು ಸ್ಟಾಲ್ ಪರೀಕ್ಷೆ. ಕಳೆದ ವಾರ ಮುಟ್ಟಳ್ಳಿಗೆ ಹೋದಾಗ ಅಮ್ಮನಿಗೆ ಹೇಳಿದೆ. 'ಸ್ಟಾಲ್ ಹಾಕ್ತಾನಾ ಗಣೇಶ? ಎಂತ ಮಾರ್ತಾನೆ?' ಅಂದಳು. ಮೀನಿನ ಬುಟ್ಟಿ ಹೊತ್ತು ಅರ್ಧ ಆಯುಷ್ಯ ಕಳೆದವಳು, ಅಳಿಯನಿಗೂ ಒಂದು ಅಂಗಡಿ ಆದರೆ ಒಳ್ಳೆಯದು ಅಂದುಕೊಂಡಳು. ನಾನು ಬಿಡಿಸಿ ಹೇಳಿದೆ. ನಿನಗೂ ಹೇಳುತ್ತೇನೆ. ಓಡುವ ಬಸ್ಸಿನ ಕಿಟಕಿಯಿಂದ ಅಂಗೈ ಚಾಚು. ಅಂಗೈಯ ಮುಂದಿನ ಅಂಚನ್ನು ಸ್ವಲ್ಪ ಎತ್ತಿದರೆ ಗಾಳಿ ಕೈಯನ್ನು ಮೇಲೆ ಒಯ್ಯುತ್ತದೆ. ಬಸ್ಸು ನಿಧಾನ ಆದಷ್ಟೂ ಹೆಚ್ಚು ಎತ್ತಬೇಕು. ಒಂದು ಹಂತ ದಾಟಿ ಎತ್ತಿದರೆ ಕೈ ಪಟ್ಟನೆ ಬೀಳುತ್ತದೆ. ರೆಕ್ಕೆಯೂ ಹಾಗೇ. ಅದು ಬೀಳುವ ವೇಗವೇ ಸ್ಟಾಲ್ ವೇಗ. ಭಟ್ಕಳ ಬಸ್ಸಿನಲ್ಲಿ ಇದನ್ನು ಮಾಡಿ ನೋಡುವಾಗ ಕಂಡಕ್ಟರ್ ಬೈದ. 'ಕೈ ಒಳಗೆ ತಗೊಳ್ಳಾ, ಕಡಿದು ಹೋದ್ರೆ ಟಿಕೆಟ್ ಯಾರು ಹಿಡಿಯುದು?' ಅಂದ.

ನಮ್ಮಂಥ ಸಣ್ಣ ವಿಮಾನಕ್ಕೆ ನಿಯಮ ಏನೆಂದರೆ, ಪೂರ್ತಿ ಭಾರ ಹೇರಿದಾಗಲೂ ಅದು ನಲವತ್ತೈದು ನಾಟಿಗಿಂತ ಕಡಿಮೆ ವೇಗದವರೆಗೆ ಬೀಳದೆ ಹಾರಬೇಕು. ಬೋಟಿನವರು ಹೇಳುತ್ತಾರಲ್ಲ, ಅದೇ ನಾಟು, ನಲವತ್ತೈದು ಅಂದರೆ ಗಂಟೆಗೆ ಎಂಬತ್ತಮೂರು ಕಿಲೋಮೀಟರು. ರೆಕ್ಕೆಯ ಹಿಂದಿನ ಮಡಚುಪಟ್ಟಿ, ಫ್ಲಾಪ್ ಅನ್ನುತ್ತಾರೆ, ಅದನ್ನು ಇಳಿಸದೆ ಅಷ್ಟು ಬರಬೇಕು. ವೇಗ ಸ್ವಲ್ಪ ಇಳಿದರೂ ಬೀಳುವ ವಿಮಾನ ವೇಗವಾಗಿಯೇ ನೆಲ ಮುಟ್ಟಬೇಕಾಗುತ್ತದೆ, ಏನಾದರೂ ಆದರೆ ಪೆಟ್ಟು ಜೋರು. ಅದಕ್ಕೇ ಈ ಲೆಕ್ಕ.

ಪೂರ್ತಿ ಭಾರ ಅಂದರೆ ವಿಮಾನ, ಪೆಟ್ರೋಲು, ಭಾವ ಮತ್ತು ನೀನು. ಎರಡನೆಯ ಸೀಟು ನಿನ್ನದೇ, ಬೇರೆ ಯಾರದ್ದೂ ಅಲ್ಲ ಅಂತ ಭಾವ ಮೊದಲ ದಿನವೇ ಹೇಳಿದ್ದಾರೆ. ಪರಿಕ್ಷೆಗೆ ಆ ಸೀಟಿನಲ್ಲಿ ನಿನ್ನ ತೂಕದ ಮರಳಿನ ಚೀಲ ಕೂರಿಸುತ್ತೇವೆ. ಐವತ್ತಾರು ಕಿಲೋ ಅಂತ ಭಾವ ಹೇಳಿದರು. ಸರಿಯಾ? ತೂಗುವ ಕೆಲಸ ನನ್ನದು.

ದುರ್ಗ


ಪೋರ್ಟ್ ಬ್ಲೇರ್
೨೯ ಜನವರಿ ೨೦೨೪

ಪ್ರೀತಿಯ ದುರ್ಗ,

ಪತ್ರ ಸಿಕ್ಕಿತು. 'ಪರೀಕ್ಷೆ' ಎಂಬುದನ್ನು ಒಂದೇ ಪತ್ರದಲ್ಲಿ ಎರಡು ರೀತಿ ಬರೆದಿದ್ದೀಯಾ. ಅದರಲ್ಲಿ ಒಂದು ಸರಿ ಇದೆ, ಅದನ್ನೇ ಇಟ್ಟುಕೋ.

ನಿನ್ನ ಬಸ್ಸಿನ ಕೈಯ ಕಥೆಯನ್ನು ಇಲ್ಲಿ ಜೊತೆಯವರಿಗೆ ಹೇಳಿದೆ. ಆಂಬುಲೆನ್ಸ್ ಕಿಟಕಿಯಿಂದ ಎಲ್ಲರೂ ಕೈ ಚಾಚಿ ನೋಡಿದರು. ಡ್ರೈವರ್ ಬಂಗಾಲಿಯಲ್ಲಿ ಬೈದ. ನಿಮ್ಮ ಕಂಡಕ್ಟರ್ ಹೇಳಿದ್ದನ್ನೇ ಹೇಳಿರಬೇಕು.

ಶಿವರಾತ್ರಿಗೆ ಬರಲು ಆಗುವುದಿಲ್ಲ. ರಜೆ ಸಿಗಲಿಲ್ಲ ಅಂತ ಅಮ್ಮನಿಗೆ ನೀನೇ ಹೇಳು, ನಾನು ಹೇಳಿದರೆ ಅಳುತ್ತಾಳೆ. ವಿಡಿಯೋ ಕಾಲ್ ಮಾಡು ಮಾಡು ಅಂತ ನಿನ್ನ ಭಾವ ಹೇಳುತ್ತಾರೆ. ಇಲ್ಲಿ ನೆಟ್ವರ್ಕ್ ಹಾಗೇ, ಮಾತು ಬಂದರೆ ಹೆಚ್ಚು.

ತೂಕ ಅವರು ಹೇಳಿದ್ದನ್ನೇ ಬರೆದುಕೋ.

ಉಮಕ್ಕ


ಹೊಳನಗದ್ದೆ
೨೦ ಫೆಬ್ರವರಿ ೨೦೨೪

ಅಕ್ಕಾ,

ಮೊದಲ ಪರೀಕ್ಷೆ ಆಯಿತು. ಆಯಿತು ಅನ್ನಬೇಕೋ ಬೇಡವೋ ಗೊತ್ತಿಲ್ಲ.

ರೆಕ್ಕೆ ಬಿಚ್ಚಿ ಲಾರಿಗೆ ಹೇರಿ ಘಟ್ಟದ ಮೇಲೆ ಒಂದು ಖಾಸಗಿ ರನ್‌ವೇಗೆ ಒಯ್ದೆವು. ಅಲ್ಲಿ ಲಿಂಗಪ್ಪ ಸರ್ ಅಂತ ಇದ್ದಾರೆ, ವಾಯುಸೇನೆಯಿಂದ ನಿವೃತ್ತರಾದ ಪೈಲಟ್. ಭಾವನಿಗೆ ಹಾರಿಸಲು ಕಲಿಸಿದವರೂ ಅವರೇ. ಭಾವನದ್ದೂ ಅವರದ್ದೂ ಮೈಕಟ್ಟು ಒಂದೇ, ತೂಕವೂ ಒಂದೇ. ಹಾಗಾಗಿ ಅವರು ಹಾರಿಸಿದರು, ಪಕ್ಕದ ಸೀಟಿಗೆ ನಿನ್ನ ಚೀಲ ಬಿಗಿದು ಕಟ್ಟಿದ್ದೆವು. ಅದಕ್ಕೆ ಭಾವ ನಿನ್ನ ಹಳೆ ದುಪಟ್ಟಾ ಸುತ್ತಿದರು. ನಾನು ತಮಾಷೆ ಅಂದುಕೊಂಡೆ. ಅವರ ಮುಖ ನೋಡಿದರೆ ತಮಾಷೆ ಆಗಿರಲಿಲ್ಲ.

ವಿಮಾನ ಮೇಲೆ ಹೋಗಿ ಮೂಗೆತ್ತಿ ಎತ್ತಿ ನಿಧಾನವಾಗಿ ಒಂದು ಸಲ ತಲೆ ಬಗ್ಗಿಸಿತು. ಮತ್ತೆ ಎದ್ದಿತು. ಇಳಿದ ಮೇಲೆ ಲಿಂಗಪ್ಪ ಸರ್ 'ವೇಗದ ಮುಳ್ಳು ನಲವತ್ತೊಂದು ತೋರಿಸ್ತು' ಅಂದರು. ಭಾವ ನನ್ನನ್ನು ಎತ್ತಿ ತಿರುಗಿಸಿದರು. ಸರ್ ಕೈ ತೋರಿಸಿ 'ಇಳಿಸ್ರೀ ಅವನ್ನ. ಮೂಗೆತ್ತಿದಾಗ ಮುಳ್ಳು ಸುಳ್ಳು ಹೇಳ್ತದೆ' ಅಂದರು. ವೇಗ ಅಳೆಯುವ ಕೊಳವೆಯೊಳಗೆ ಗಾಳಿ ಓರೆಯಾಗಿ ನುಗ್ಗುವುದರಿಂದ ವೇಗ ಕಡಿಮೆ ತೋರುತ್ತದಂತೆ. ಅವರು ನಾಲ್ಕು ದಿಕ್ಕಿಗೂ ಹಾರಿ ಬೇರೆ ಸಾಧನದಲ್ಲಿ ಅಳೆದು ತಪ್ಪು ಎಷ್ಟೆಂದು ಹಿಡಿದಿದ್ದರು. ತಿದ್ದಿದ ಮೇಲೆ ನಲವತ್ತನಾಲ್ಕೂವರೆ. ಆದರೂ ಪಾಸು. ಭಾವ ಎಲ್ಲರಿಗೂ ಜಿಲೇಬಿ ತರಿಸಿದರು.

ಚೀಲ ಇಳಿಸುವವನು ನಾನು. ಕುಮಟೆಯಲ್ಲಿ ಲಾರಿಗೆ ಏರಿಸುವಾಗ ಅದನ್ನು ಎತ್ತಲು ಸೊಂಟ ಹಿಡಿದುಕೊಂಡಿತ್ತು. ಇಲ್ಲಿ ಇಳಿಸುವಾಗ ಬೇಗ ಬಂದುಬಿಟ್ಟಿತು. ಅಲ್ಲೇ ತೂಕದ ಯಂತ್ರ ಇತ್ತು, ಇಟ್ಟೆ. ನಲವತ್ತೇಳು.

ನಾವು ಮರಳು ತಂದದ್ದು ಧಾರೇಶ್ವರದ ಕಡಲ ದಂಡೆಯಿಂದ, ನೀರು ಇಳಿದ ಕೂಡಲೇ. ತೂಗಿದ್ದು ಅಮ್ಮನ ಮೀನಿನ ತಕ್ಕಡಿಯಲ್ಲಿ. ಲಾರಿಯ ಮೇಲೆ ಬಿಸಿಲಿಗೆ ಎರಡು ದಿನ ಇದ್ದು ನೀರೆಲ್ಲ ಇಳಿದು ಹೋಗಿದೆ. ನಮ್ಮ ಕಡೆ ತೂಗುವುದೆಲ್ಲ ಒದ್ದೆಯೇ ಅಲ್ಲವಾ ಅಕ್ಕ. ಮೀನು, ಸೀಗಡಿ, ಬೆಳಚಿನ ಚಿಪ್ಪು, ಎಲ್ಲ ನೀರು ಸೋರುತ್ತಿರುವಾಗಲೇ ತೂಗುತ್ತೇವೆ. ಒಣಗಿದರೆ ಎಷ್ಟು ಅಂತ ನಮಗೆ ಯಾರಿಗೂ ಹೊಳೆಯಲೇ ಇಲ್ಲ. ನನಗೂ ಹೊಳೆಯಲಿಲ್ಲ, ತೂಗಿದ್ದು ನಾನೇ.

ಭಾವನಿಗೆ ಹೇಳಿದೆ. 'ಒಂದು ಕೊಡ ನೀರು ಕಡಿಮೆಯಾದ್ರೆ ಎಂತ ಆಗ್ತದಾ?' ಅಂದರು. 'ಆ ಒಂದು ಕೊಡ ನೀರು ಅಕ್ಕನ ಒಂದು ಕಾಲು' ಅಂದೆ. ಜಿಲೇಬಿ ಕೆಳಗಿಟ್ಟರು. ಇನ್ನೊಮ್ಮೆ ಹಾರಿಸಲು ಲಿಂಗಪ್ಪ ಸರ್ ಒಪ್ಪಿದ್ದಾರೆ.

ದುರ್ಗ


ಪೋರ್ಟ್ ಬ್ಲೇರ್
೫ ಮಾರ್ಚ್ ೨೦೨೪

ಪ್ರೀತಿಯ ದುರ್ಗ,

ಪಾಸಾಯಿತು ಅಂತ ನಿನ್ನ ಭಾವ ಫೋನಿನಲ್ಲಿ ಕೂಗಿದ್ದು ಇನ್ನೂ ಕಿವಿಯಲ್ಲಿದೆ. ನಿನ್ನ ಪತ್ರ ಓದಿದರೆ ಪಾಸಾಗಲಿಲ್ಲ ಅಂತ ಇದೆ. ಯಾವುದು ನಂಬಲಿ?

ನೀನು ಹೇಳುವುದು ಸರಿಯೇ ಇರಬಹುದು. ಆದರೆ ಮೂರು ವರ್ಷ ಅವರು ಅದಕ್ಕಾಗಿ ನಿದ್ದೆ ಕೆಟ್ಟಿದ್ದಾರೆ. ಜಿಲೇಬಿ ತಿಂದು ಮುಗಿಯುವವರೆಗಾದರೂ ಕಾಯಬೇಕಿತ್ತು. ಶಾಲೆಯಲ್ಲೂ ನೀನು ಹೀಗೇ. ಗಣಿತದ ಮಾಸ್ತರು ಬೋರ್ಡಿನ ಮೇಲೆ ತಪ್ಪು ಮಾಡಿದರೆಂದು ಇನ್‌ಸ್ಪೆಕ್ಟರ್ ಎದುರೇ ಎದ್ದು ನಿಂತೆ. ಆಮೇಲೆ ಆ ಶಾಲೆಯಲ್ಲಿ ನಿನ್ನ ಜಾಗ ಉಳಿಯಲಿಲ್ಲ. ಭಾವನ ಶೆಡ್ಡಿನಲ್ಲಿ ಹಾಗೆ ಆಗಬಾರದು.

ನನಗೆ ನಾಲ್ಕು ಬ್ಲೌಸು ಹೊಲಿಸಲು ಅಮ್ಮನಿಗೆ ಅಳತೆ ಕಳಿಸಿದ್ದೇನೆ. ಇಲ್ಲಿಯ ದರ್ಜಿಗಳಿಗೆ ತೋಳು ಇಡಲು ಬರುವುದಿಲ್ಲ. ಮಂಗಲಕ್ಕನ ಹತ್ತಿರವೇ ಹೊಲಿಸಲಿ.

ಉಮಕ್ಕ


ಹೊಳನಗದ್ದೆ
೨೪ ಮಾರ್ಚ್ ೨೦೨೪

ಅಕ್ಕಾ,

ಈ ಸಲ ಮರಳನ್ನು ಅಮ್ಮನೇ ಹುರಿದಳು. ಮುಟ್ಟಳ್ಳಿಯ ಅಂಗಳದಲ್ಲಿ ಒಲೆ ಹೂಡಿ, ದೊಡ್ಡ ಬಾಣಲೆಯಲ್ಲಿ ನೆಲಗಡಲೆ ಹುರಿದ ಹಾಗೆ. ಪಕ್ಕದ ಮನೆಯ ಸರೋಜಕ್ಕ ಬೇಲಿಯ ಮೇಲಿಂದ 'ಎಂತದೇ ಅದು, ಚಟ್ನಿಗಾ?' ಅಂದಳು. ಅಮ್ಮ 'ಅಳಿಯನಿಗೆ' ಅಂದಳು. ಅಷ್ಟೇ ಹೇಳಿದಳು. ಸರೋಜಕ್ಕ ಈಗ ಊರೆಲ್ಲ ಏನು ಹೇಳಿಕೊಂಡು ಬರುತ್ತಿದ್ದಾಳೋ.

ಒಣಗಿದ ಮರಳು, ಐವತ್ತಾರು ಕಿಲೋ, ಎರಡು ಸಲ ತೂಗಿದೆ. ಲಿಂಗಪ್ಪ ಸರ್ ಹಾರಿಸಿದರು. ಇಳಿದು ಲೆಕ್ಕ ಮಾಡಿ, 'ನಲವತ್ತನಾಲ್ಕು ದಶಾಂಶ ಒಂಬತ್ತು' ಅಂದರು. ನಲವತ್ತೈದಕ್ಕೆ ತಾಗಿಕೊಂಡೇ ನಿಂತಿದೆ, ದಾಟಿಲ್ಲ. ಭಾವ ಈ ಸಲ ಯಾರನ್ನೂ ಎತ್ತಿ ತಿರುಗಿಸಲಿಲ್ಲ. ಸುಮ್ಮನೆ ವಿಮಾನದ ಮೂಗು ಸವರಿದರು.

ಇನ್ನು ಸರ್ಕಾರದ ಪರೀಕ್ಷಕರು ಬರುತ್ತಾರೆ. ವಿಮಾನದೊಳಗೆ ಒಂದು ಫಲಕ ಹಾಕುತ್ತಾರೆ, ಇಷ್ಟು ಭಾರದವರೆಗೆ ಮಾತ್ರ ಎಂದು. ಅದಕ್ಕಿಂತ ಹೆಚ್ಚು ಹೇರಿ ಹಾರಿಸಿದರೆ ಪರವಾನಗಿ ಹೋಗುತ್ತದೆ. ತೂಗಿದವನು ಅಂತ ನಾನು ಸಹಿ ಹಾಕಬೇಕು.

ಅಕ್ಕ, ಒಂದು ಮಾತು ಕೇಳುತ್ತೇನೆ. ಸುತ್ತಿ ಬಳಸಿ ಕೇಳಲು ನನಗೆ ಬರುವುದಿಲ್ಲ. ನಿನ್ನ ಬ್ಲೌಸಿನ ಅಳತೆ ನೋಡಿ ಮಂಗಲಕ್ಕ 'ಇದು ಉಮಂದಲ್ಲ, ಯಾರದ್ದೋ ಚೀಟಿ ತಂದಿದ್ದಿ' ಅಂತ ಅಮ್ಮನಿಗೆ ವಾಪಸು ಕೊಟ್ಟಳು. ಅಮ್ಮ ಅವಳ ಹತ್ತಿರ ಜಗಳ ಮಾಡಿ ಹೊಲಿಯಲು ಕೊಟ್ಟು ಬಂದಿದ್ದಾಳೆ. ಆ ಚೀಟಿಯನ್ನು ನಾನೂ ನೋಡಿದೆ. ಐವತ್ತಾರು ಅನ್ನುವುದು ನಿನ್ನ ಮದುವೆಯ ಹೊತ್ತಿನ ಲೆಕ್ಕ. ಈಗ ನಿನ್ನ ತೂಕ ಎಷ್ಟು? ಸರಿಯಾಗಿ ತೂಗಿ ಹೇಳು.

ದುರ್ಗ


ಪೋರ್ಟ್ ಬ್ಲೇರ್
೧೦ ಏಪ್ರಿಲ್ ೨೦೨೪

ದುರ್ಗ,

ಇದನ್ನು ಕೇಳಲು ನಿನಗೆ ಹೇಳಿದ್ದು ನಿನ್ನ ಭಾವನಾ? ಅವರಿಗೆ ಕೇಳಬೇಕಿದ್ದರೆ ಅವರೇ ಕೇಳಲಿ. ಅಥವಾ ಅಮ್ಮ, ಮಂಗಲಕ್ಕ, ನೀನು ಎಲ್ಲ ಸೇರಿ ಅಂಗಳದಲ್ಲಿ ಕೂತು ನನ್ನ ಅಳತೆ ಓದಿದಿರಾ?

ಬ್ಲೌಸು ಕಳಿಸುವುದು ಬೇಡ. ಪತ್ರವೂ ಸದ್ಯಕ್ಕೆ ಬೇಡ. ಫೋನ್ ಎತ್ತುವ ಕರಾರು ಇದ್ದರೂ ಇಲ್ಲದಿದ್ದರೂ ಒಂದೇ.

ಉಮಾ


ಮುಟ್ಟಳ್ಳಿ, ಭಟ್ಕಳ
೨೮ ಏಪ್ರಿಲ್ ೨೦೨೪

ಅಕ್ಕಾ,

ಪತ್ರ ಬೇಡ ಅಂದಿದ್ದೀಯಾ. ಆದರೆ ಕರಾರು ಮುರಿದವನು ನಾನು ಆಗಬಾರದು. ಹಾಗಾಗಿ ಬರೆಯುತ್ತಿದ್ದೇನೆ, ಓದುವುದು ಬಿಡುವುದು ನಿನ್ನ ಇಷ್ಟ.

ಭಾವನಿಗೆ ನಾನು ನಿನಗೆ ಬರೆದದ್ದೇ ಗೊತ್ತಿಲ್ಲ. ಆ ಪ್ರಶ್ನೆ ನನ್ನದು. ಕೇಳಿದ ರೀತಿ ತಪ್ಪು ಅಂತ ಅಮ್ಮ ಹೇಳಿದಳು. ರೀತಿ ತಪ್ಪು ಇರಬಹುದು. ಪ್ರಶ್ನೆ ತಪ್ಪಲ್ಲ.

ನಾನು ಈಗ ಮುಟ್ಟಳ್ಳಿಯಲ್ಲಿದ್ದೇನೆ. ಭಟ್ಕಳ ಬಂದರಿನಲ್ಲಿ ಬೋಟಿನ ಇಂಜಿನ್ ಕೆಲಸ ಸಿಕ್ಕಿದೆ. ಯಾಕೆ ಹೊಳನಗದ್ದೆ ಬಿಟ್ಟೆ ಅಂತ ಕೇಳಬೇಡ. ನೀನು ಕೇಳಿದರೆ ನಾನು ಹೇಳಬೇಕಾಗುತ್ತದೆ.

ಬ್ಲೌಸು ಹೊಲಿದು ಆಗಿದೆ. ಅಮ್ಮ ಕಪಾಟಿನಲ್ಲಿ ಇಟ್ಟಿದ್ದಾಳೆ. ತೋಳು ಚೆನ್ನಾಗಿ ಬಂದಿದೆಯಂತೆ.

ದುರ್ಗ


ಮುಟ್ಟಳ್ಳಿ
೧೬ ಜೂನ್ ೨೦೨೪

ಅಕ್ಕಾ,

ಮೇ ತಿಂಗಳ ಪತ್ರಕ್ಕೂ ನಿನ್ನ ಉತ್ತರ ಇಲ್ಲ. ಅದರಲ್ಲಿ ಬರೀ ಇಂಜಿನ್ ಆಯಿಲ್ ವಿಷಯ ಇತ್ತು, ಉತ್ತರ ಬರೆಯಲು ಏನೂ ಇರಲಿಲ್ಲ.

ಬೋಟುಗಳೆಲ್ಲ ಮೇಲೆ ಬಂದಿವೆ, ಮಳೆಗಾಲದ ರಜೆ. ಮೊನ್ನೆ ಭಾವ ಬಂದಿದ್ದರು. ನನ್ನ ಹತ್ತಿರ ಮಾತಾಡಲಿಲ್ಲ. ಅಮ್ಮ ಬಡಿಸಿದ್ದನ್ನು ಅರ್ಧ ಉಂಡರು. ಕೈ ತೊಳೆಯುವಾಗ ನಾನು ನೀರು ಹಾಕಿದೆ. ಆಗ ಕೇಳಿದರು, 'ಅಕ್ಕನ ಪತ್ರ ಬಂತನಾ?'

'ಇಲ್ಲ ಭಾವ.'

'ನಂಗೂ ಫೋನಿಲ್ಲ. ಮಾಡಿದ್ರೆ ಡ್ಯೂಟಿಲಿದ್ದೆ ಅಂತಾಳೆ, ಇಟ್ಬಿಡ್ತಾಳೆ.'

ಟವೆಲಿಗೆ ಕೈ ಒರೆಸುತ್ತಾ ಹೇಳಿದರು, 'ವಿಮಾನ ಆದ್ರೆ ನೋಡ್ಲಿಕ್ಕೆ ಆದ್ರೂ ಬತ್ತಾಳೆ ಅಂದ್ಕಂಡಿದ್ದೆ. ಅವಳಿಗೆ ಇಲ್ಲಿಗೆ ಬರೂಕೆ ಮನಸ್ಸೇ ಇಲ್ಲ ಕಾಣ್ತದೆ. ಬೇರೆ ಎಂತಾರು ಇದ್ದಿದ್ರೆ ನಿಂಗೆ ಹೇಳ್ತಿದ್ಲಾ?'

ನನಗೆ ಗೊತ್ತಿಲ್ಲ ಅಂದೆ. ಅದು ನಿಜ. ನಾನು ಊಹೆ ಮಾಡಿದ್ದು ಒಂದಿದೆ, ಆದರೆ ಊಹೆಯನ್ನು ಹೇಳುವುದು ತೂಗದೆ ಸಹಿ ಹಾಕಿದ ಹಾಗೆ. ಹೇಳಲಿಲ್ಲ.

ಭಾವ ಮಳೆಯಲ್ಲೇ ಬೈಕಿನಲ್ಲಿ ಹೋದರು. ಗಡ್ಡ ಬಿಟ್ಟಿದ್ದಾರೆ. ಪರೀಕ್ಷಕರನ್ನು ಇನ್ನೂ ಕರೆದಿಲ್ಲವಂತೆ.

ದುರ್ಗ


ಪೋರ್ಟ್ ಬ್ಲೇರ್
೨ ಜುಲೈ ೨೦೨೪

ಪ್ರೀತಿಯ ದುರ್ಗ,

ಎಪ್ಪತ್ತನಾಲ್ಕು.

ಇವತ್ತು ಬೆಳಿಗ್ಗೆ ವಾರ್ಡಿನ ತಕ್ಕಡಿಯಲ್ಲಿ ಚಪ್ಪಲಿ ಬಿಚ್ಚಿ ನಿಂತು ನೋಡಿದ್ದು. ಒಣ ತೂಕ. ಬರೆದುಕೋ.

ದಿನವೂ ರೋಗಿಗಳನ್ನು ಆ ತಕ್ಕಡಿ ಹತ್ತಿಸುತ್ತೇನೆ. ಕೆಲವರು ಕಣ್ಣು ಮುಚ್ಚಿಕೊಳ್ಳುತ್ತಾರೆ. 'ನೋಡಿ, ಏನೂ ಆಗುವುದಿಲ್ಲ' ಅಂತ ಅವರಿಗೆ ನಾನೇ ಹೇಳುತ್ತೇನೆ. ನಾನು ಮಾತ್ರ ಒಂದು ವರ್ಷದಿಂದ ಅದರ ಪಕ್ಕದಲ್ಲಿ ಸರಿದು ಹೋಗುತ್ತಿದ್ದೆ.

ಥೈರಾಯ್ಡ್ ಅಂತ ಹೋದ ವರ್ಷವೇ ಗೊತ್ತಾಯಿತು. ಹೆದರುವಂಥದ್ದಲ್ಲ, ಮಾತ್ರೆ ಇದೆ. ಆದರೆ ಗೊತ್ತಾಗುವ ಮೊದಲೇ ಮೈ ಬಂದಿತ್ತು, ಕೂದಲು ಉದುರಿತ್ತು, ಮುಖ ಊದಿತ್ತು. ಅಮ್ಮನಿಗೆ ಹೇಳಿದರೆ ಹರಕೆ ಹೊರುತ್ತಾಳೆ ಅಂತ ಹೇಳಲಿಲ್ಲ. ನಿನ್ನ ಭಾವನಿಗೆ ಯಾಕೆ ಹೇಳಲಿಲ್ಲ ಅಂತ ನನಗೇ ಸರಿಯಾಗಿ ಗೊತ್ತಿಲ್ಲ. ನೆಟ್ವರ್ಕ್ ಇಲ್ಲ ಅಂದದ್ದು ಸುಳ್ಳು. ರಜೆ ಸಿಗಲಿಲ್ಲ ಅಂದದ್ದೂ ಸುಳ್ಳು, ಕೇಳಿದರೆ ಕೊಡುತ್ತಿದ್ದರು.

ಮದುವೆಯ ದಿನ ಅವರ ದೊಡ್ಡಮ್ಮ ನನ್ನ ಕೈ ಹಿಡಿದು, 'ಎಂತದಾ ಗಣೇಶಾ ಇದು, ಕಡ್ಡಿ ತಂದಿದ್ದಿ, ಗಾಳಿ ಬಂದ್ರೆ ಹಾರಿ ಹೋತದೆ' ಅಂದಿದ್ದರು. 'ಹಾರ್ಸೂದು ನಾನೇ ದೊಡ್ಡಮ್ಮ' ಅಂತ ನಿನ್ನ ಭಾವ ಹೇಳಿದರು. ಎಲ್ಲರೂ ನಕ್ಕರು. ಆ ವಾರವೇ ಅವರು ವಿಮಾನದ ನಕ್ಷೆ ತರಿಸಿದ್ದು. ಆ ಸೀಟು ಮಾಡಿದ್ದು ಆ ಕಡ್ಡಿಗೆ. ನೀನು ಪ್ರತಿ ಪತ್ರದಲ್ಲೂ ಐವತ್ತಾರು ಐವತ್ತಾರು ಅಂತ ಬರೆಯುವಾಗ, ಅಲ್ಲಿ ಬೇರೆ ಯಾರಿಗೋ ಜಾಗ ಮಾಡಿ ಕಾಯುತ್ತಿದ್ದೀರಿ ಅನಿಸುತ್ತಿತ್ತು. ಚೀಲಕ್ಕೆ ನನ್ನ ದುಪಟ್ಟಾ ಸುತ್ತಿದರು ಅಂತ ಬರೆದೆಯಲ್ಲ, ಆ ದಿನ ಊಟ ಮಾಡಲಿಲ್ಲ. ಅವತ್ತೂ ತೂಕ ಇಳಿಯಲಿಲ್ಲ ಬಿಡು.

ಬರಲು ಮನಸ್ಸಿಲ್ಲ ಅಂತ ಅವರು ಅಂದುಕೊಂಡಿದ್ದಾರೆ ಅಂತ ನೀನು ಬರೆದದ್ದನ್ನು ಓದಿ ಇದನ್ನು ಬರೆಯುತ್ತಿದ್ದೇನೆ. ನೀನೇ ಹೇಳು ಅವರಿಗೆ. ಫೋನಿನಲ್ಲಿ ಹೇಳಲು ನನ್ನಿಂದ ಆಗುವುದಿಲ್ಲ. ಸೀಟು ಬಿಚ್ಚಬೇಕಾದರೆ ಬಿಚ್ಚಲಿ, ಒಬ್ಬರೇ ಹಾರಲಿ. ನಿಜವಾಗಿ ಹೇಳುತ್ತಿದ್ದೇನೆ, ಸಿಟ್ಟಿನಿಂದಲ್ಲ.

ಈಗ ಕೇಳುತ್ತೇನೆ. ನೀನು ಯಾಕೆ ಮುಟ್ಟಳ್ಳಿಯಲ್ಲಿದ್ದೀ?

ಉಮಕ್ಕ


ಹೊಳನಗದ್ದೆ, ಕುಮಟಾ
೩೦ ಜುಲೈ ೨೦೨೪

ಅಕ್ಕಾ,

ಕೇಳಿದ್ದೀಯಾ, ಹೇಳುತ್ತೇನೆ. ಮಾರ್ಚಿನಲ್ಲಿ ನಿನಗೆ ಬರೆದು ಸ್ವಲ್ಪ ದಿನಕ್ಕೆ ಭಾವ ಸಹಿ ಹಾಕಲು ಕಾಗದ ತಂದರು. ಅಕ್ಕನ ಈಗಿನ ತೂಕ ಗೊತ್ತಾಗದೆ ಹಾಕುವುದಿಲ್ಲ ಅಂದೆ. 'ನನ್ನ ಹೆಂಡ್ತಿ ತೂಕ ನಂಗೆ ಗೊತ್ತಿಲ್ವನಾ?' ಅಂದರು. 'ನೀವು ಅವಳನ್ನ ಕಂಡು ಎರಡು ವರ್ಷ ಆಗ್ತಾ ಬಂತು' ಅಂದೆ. ನಾನು ಹೇಳಿದ್ದು ಲೆಕ್ಕದ ಮಾತು. ಅವರಿಗೆ ಅದು ಹಾಗೆ ಕೇಳಲಿಲ್ಲ. ಕೈಯಲ್ಲಿದ್ದ ಬ್ರಷ್ಷನ್ನು ಡಬ್ಬಿಯೊಳಗೆ ಹಾಕಿ, 'ನಾಳೆಯಿಂದ ನೀ ಬರೂದು ಬೇಡ' ಅಂದರು. ಸಾಮಾನಿನ ಚೀಲ ತೆಗೆದುಕೊಂಡು ಬಸ್ಸು ಹತ್ತಿದೆ. ಅಷ್ಟೇ.

ನಿನ್ನ ಪತ್ರ ಬಂದ ದಿನವೇ ಇಲ್ಲಿಗೆ ಬಂದೆ. ಶೆಡ್ಡಿನ ಒಳಗೆ ಮಳೆನೀರು ಬಂದಿತ್ತು, ಭಾವ ಪೊರಕೆ ಹಿಡಿದು ನೂಕುತ್ತಿದ್ದರು. ನನ್ನನ್ನು ನೋಡಿ 'ಎಂತಕ್ಕೆ ಬಂದೆ?' ಅಂದರು. 'ಅಕ್ಕನ ತೂಕ ಎಪ್ಪತ್ತನಾಲ್ಕು' ಅಂದೆ. ಮೊದಲು ಬೇರೆ ಏನಾದರೂ ಹೇಳಬೇಕಿತ್ತೇನೋ. ಬಸ್ಸಿನಲ್ಲಿ ಬರುವಾಗ ಯೋಚಿಸಿದ್ದೆ, ಬಾಗಿಲಿಗೆ ಬಂದಾಗ ಮರೆತುಹೋಯಿತು.

ಆಮೇಲೆ ಉಳಿದದ್ದನ್ನೂ ಹೇಳಿದೆ. ಭಾವ ಪೊರಕೆಯನ್ನು ಹಾಗೇ ಹಿಡಿದುಕೊಂಡು ನಿಂತಿದ್ದರು. ಮೊದಲು ಕೇಳಿದ್ದು, 'ಮಾತ್ರೆ ಸರಿ ತಗೊಳ್ತಾಳಾ?'

'ತಗೊಳ್ತಾಳೆ.'

'ಹೆದ್ರೂದು ಎಂತ ಇಲ್ಲಲ್ಲ?'

'ಇಲ್ಲ ಅಂತ ಬರ್ದಿದ್ದಾಳೆ. ನರ್ಸು ಅವಳು, ನಾವಲ್ಲ.'

'ಇದಕ್ಕಾ ಬರಲಿಲ್ಲ?' ಅಂದರು. ನಾನು ಹೌದು ಅಂದೆ. ಅವರು ಬೆನ್ನು ತಿರುಗಿಸಿ ನೀರು ನೂಕಲು ಶುರುಮಾಡಿದರು. ನೀರು ಇಲ್ಲದ ಜಾಗದಲ್ಲೂ ನೂಕುತ್ತಿದ್ದರು. ನಾನು ಹೊರಗೆ ಹೋಗಿ ನಿಂತೆ.

ಒಳಗೆ ಬಂದಾಗ ಕಾಗದದ ಮೇಲೆ ಲೆಕ್ಕ ಹಾಕುತ್ತಿದ್ದರು. ಎಪ್ಪತ್ತನಾಲ್ಕಾದರೆ ಸ್ಟಾಲು ನಲವತ್ತೈದೂ ಮುಕ್ಕಾಲಿಗೆ ಹೋಗುತ್ತದೆ. ನಾಪಾಸು. ಸೀಟು ಬಿಚ್ಚಲಿ ಅಂತ ನೀನು ಹೇಳಿದ್ದನ್ನು ಹೇಳಿದೆ. ಹೇಳಬೇಕಾದ್ದು ಹೇಳಲೇಬೇಕಲ್ಲ, ನೀನೇ ಬರೆದದ್ದು.

ಭಾವ ಎದ್ದು ರೆಕ್ಕೆಯ ತುದಿಗೆ ಹೋದರು. ತುದಿಯಿಂದಾಚೆ ಗಾಳಿಯಲ್ಲಿ ಕೈ ಬಿಡಿಸಿ ಹೆಬ್ಬೆರಳಿನಿಂದ ಕಿರುಬೆರಳಿಗೆ ಅಳೆದರು. ಅವರ ಕೈ ನಿನಗೆ ಗೊತ್ತಲ್ಲ, ಹರಿವಾಣದ ಹಾಗೆ. ಆಚೆ ರೆಕ್ಕೆಗೆ ಹೋಗಿ ಅಲ್ಲೂ ಅಳೆದರು. 'ಈ ಬದಿಗೊಂದು ಗೇಣು, ಆ ಬದಿಗೊಂದು ಗೇಣು. ಆತು' ಅಂದರು. 'ರೆಕ್ಕೆ ದೊಡ್ಡದಾದ್ರೆ ನಿಧಾನಕ್ಕೂ ಬೀಳೂದಿಲ್ಲ. ಟೇಪು ತಾರಾ, ಎಂತ ಬಾಯಿ ಬಿಟ್ಕಂಡು ನಿಂತಿದ್ದಿ.'

ಬೋಟಿಗೆ ಉದ್ದ ಸಾಲದಿದ್ದರೆ ಹಿಂದೆ ತುಂಡು ಕೂಡಿಸುವುದಿಲ್ಲವಾ, ಹಾಗೆ. ಆದರೆ ರೆಕ್ಕೆ ಬೋಟಲ್ಲ, ಅದನ್ನು ನಾನು ಹೇಳಿದೆ. ನಕ್ಷೆ ಮಾಡಿದವರ ಒಪ್ಪಿಗೆ ಬೇಕು, ಒಳಗಿನ ತೊಲೆ ಬಲಪಡಿಸಬೇಕು, ಮತ್ತೆ ರೆಕ್ಕೆಯ ಮೇಲೆ ಚೀಲ ಪೇರಿಸಿ ಮುರಿಯುವುದಿಲ್ಲ ಅಂತ ತೋರಿಸಬೇಕು. ತಿಂಗಳುಗಟ್ಟಲೆ ಕೆಲಸ. ಭಾವ 'ಮಳೆಗಾಲ ಉಂಟಲ್ಲ' ಅಂದರು.

ನನ್ನನ್ನು ಮತ್ತೆ ಕೆಲಸಕ್ಕೆ ಸೇರಿಸಿಕೊಂಡರೋ ಇಲ್ಲವೋ ಬಾಯಿಬಿಟ್ಟು ಹೇಳಿಲ್ಲ. ಬ್ರಷ್ಷು ಕೈಗೆ ಕೊಟ್ಟಿದ್ದಾರೆ.

ಅವರು ನಿನಗೆ ಆ ರಾತ್ರಿ ಫೋನ್ ಮಾಡಿದ್ದರು ಅಂತ ಗೊತ್ತು. ಏನು ಮಾತಾಡಿದಿರಿ ಅಂತ ಕೇಳುವುದಿಲ್ಲ. ಅದು ನನ್ನ ಲೆಕ್ಕಕ್ಕೆ ಬರುವುದಿಲ್ಲ.

ದುರ್ಗ


ಹೊಳನಗದ್ದೆ
೮ ಡಿಸೆಂಬರ್ ೨೦೨೪

ಅಕ್ಕಾ,

ನಡುವಿನ ಪತ್ರಗಳಲ್ಲಿ ತೊಲೆ, ರಾಳ, ಮರಳು ಕಾಗದ ಅಂತ ಬರೆದು ನಿನಗೆ ಬೇಸರ ಬಂದಿರಬೇಕು. ಇದು ಸಣ್ಣ ಪತ್ರ.

ಲಿಂಗಪ್ಪ ಸರ್ ಹಾರಿಸಿದರು, ಪರೀಕ್ಷಕರೇ ಎದುರು ನಿಂತಿದ್ದರು. ಎಪ್ಪತ್ತನಾಲ್ಕು ಕಿಲೋ ಒಣ ಮರಳು, ಅಮ್ಮ ಹುರಿದದ್ದು. ಈ ಸಲ ಸರೋಜಕ್ಕನೂ ಬಂದು ಸೌಟು ಹಿಡಿದಳು. ಮರಳನ್ನು ಯಾಕೆ ಹುರಿದಿರಿ ಅಂತ ಪರೀಕ್ಷಕರು ಕೇಳಿದರು. ಮೊದಲ ಸಲ ಒದ್ದೆ ತೂಗಿ ತಪ್ಪಾಗಿತ್ತು ಅಂತ ಹೇಳಿದೆ. ಭಾವ ನನ್ನ ಕಾಲು ತುಳಿದರು. ಪರೀಕ್ಷಕರು ಕನ್ನಡಕ ತೆಗೆದು ನನ್ನನ್ನು ನೋಡಿ, 'ಹಾಗಾದ್ರೆ ಈ ಸಲದ್ದನ್ನು ನಂಬಬಹುದು' ಅಂದರು.

ಮಡಚುಪಟ್ಟಿ ಇಳಿಸದೆ, ಪೂರ್ತಿ ಭಾರದಲ್ಲ, ಮುಳ್ಳಿನ ಸುಳ್ಳು ತಿದ್ದಿದ ಮೇಲೆ, ನಲವತ್ತನಾಲ್ಕು ದಶಾಂಶ ಆರು. ಪಾಸು. ನಾನು ಸಹಿ ಹಾಕಿದೆ.

ಭಾವ ಚೀಲಕ್ಕೆ ದುಪಟ್ಟಾ ಸುತ್ತಲಿಲ್ಲ. 'ಚೀಲ ಚೀಲವೇ' ಅಂದರು. ಸೀಟನ್ನು ಎರಡು ಇಂಚು ಅಗಲ ಮಾಡಿದ್ದಾರೆ. ಅದನ್ನು ನಿನಗೆ ಹೇಳಬೇಡ ಅಂದಿದ್ದಾರೆ. ನಾನು ಹೇಳುವುದಿಲ್ಲ ಅಂತ ಮಾತು ಕೊಟ್ಟಿಲ್ಲ.

ಅಂಗಳದಲ್ಲಿ ನಿಲ್ಲಿಸಿದರೆ ಎರಡೂ ತುದಿಯ ಹೊಸ ತುಂಡು ಸ್ವಲ್ಪ ಬೇರೆ ಬಣ್ಣ ಕಾಣುತ್ತದೆ. ಬಣ್ಣ ಹಚ್ಚಿ ಮುಚ್ಚೋಣ ಅಂದೆ. ಇರಲಿ ಅಂದರು.

ದುರ್ಗ


ಪೋರ್ಟ್ ಬ್ಲೇರ್
೨೨ ಡಿಸೆಂಬರ್ ೨೦೨೪

ಪ್ರೀತಿಯ ದುರ್ಗ,

ಈ ಸಲ 'ಪರೀಕ್ಷಕರು' ಎಂಬುದನ್ನು ಎಲ್ಲ ಕಡೆಯೂ ಸರಿಯಾಗಿ ಬರೆದಿದ್ದೀಯಾ. 'ಭಾರದಲ್ಲ' ಅಂತ ಒಂದು ಕಡೆ ಇದೆ, ಅದು 'ಭಾರದಲ್ಲಿ'. ನಿನ್ನಂಥವನು ಅಷ್ಟು ದೊಡ್ಡ ಸುಳ್ಳು ಬರೆಯಬಾರದು.

ಜನವರಿ ಎರಡನೆಯ ವಾರಕ್ಕೆ ಟಿಕೆಟ್ ಮಾಡಿದ್ದೇನೆ. ಅಮ್ಮನಿಗೆ ಬ್ಲೌಸುಗಳನ್ನು ಕಪಾಟಿನಿಂದ ತೆಗೆದು ಬಿಸಿಲಿಗೆ ಹಾಕಲು ಹೇಳು. ಹರಕೆ ಹೊತ್ತಿದ್ದರೆ ಅದನ್ನೂ ಈಗಲೇ ಹೇಳಿಬಿಡಲಿ.

ಹೊಸ ಮಾತ್ರೆ ಹಿಡಿದಿದೆ. ಇವತ್ತು ತೂಗಿ ನೋಡಿದೆ, ಎಪ್ಪತ್ತೆರಡು. ನಿನಗೆ ಹೇಳದಿದ್ದರೆ ಆಮೇಲೆ ಸಹಿ ವಾಪಸು ಕೇಳುತ್ತೀ, ಅದಕ್ಕೆ ಹೇಳುತ್ತಿದ್ದೇನೆ. ಆದರೆ ನಿನ್ನ ಭಾವನಿಗೆ ಹೇಳು, ಎರಡು ಕಿಲೋ ಇಳಿಯಿತೆಂದು ರೆಕ್ಕೆ ಕತ್ತರಿಸಲು ಹೋಗಬಾರದು. ಬಂದು ವಾರದೊಳಗೆ ಅಮ್ಮನ ಬಂಗಡೆ ಸಾರಿನಲ್ಲಿ ಅದನ್ನು ತುಂಬಿಸಿಕೊಡುತ್ತೇನೆ.

ಉಮಕ್ಕ